ತೊಂದರೆಯಾಗದಿದ್ದರೆ, ಉಸ್ತಾದ್

ಮಾನ್ಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಸಹೋದ್ಯೋಗಿಗಳೇ, ಇಂಥ ಸೆಕೆಯಲ್ಲೂ ನನ್ನ ಬೀಳ್ಕೊಡುಗೆಗೆ ಬಂದು ಕುಳಿತಿರುವ ಬಸ್ರಾದ ಸಭಿಕರೇ,

"ತೊಂದರೆಯಾಗದಿದ್ರೆ, ಉಸ್ತಾದ್, ಸ್ವಲ್ಪ ಬೇಗ ಮುಗಿಸ್ತೀರಾ?" ಎಂದು ಮುಖ್ಯೋಪಾಧ್ಯಾಯರು ಕಿವಿಯಲ್ಲಿ ಹೇಳಿದ್ದಾರೆ. ನೋಡಿ, ಬಾಯಿ ಮುಚ್ಚು ಎನ್ನುವುದನ್ನೂ ನಮ್ಮೂರಿನವರು ಎಷ್ಟು ಚೆನ್ನಾಗಿ ಹೇಳುತ್ತಾರೆ! ನಾನೂ ವಾಡಿಕೆಯಂತೆ, "ನೀವು ಕೊಡೋ ತೊಂದರೆಯೂ ಕರುಣೆಯೇ" ಎಂದೆ. ನಮ್ಮ ಅರಬ್ಬಿಯಲ್ಲಿ ತೊಂದರೆಗೆ ಜ಼ಹ್ಮಾ, ಕರುಣೆಗೆ ರಹ್ಮಾ. ಒಂದಕ್ಷರ ಬದಲಾದರೆ ಸಾಕು, ಭಾರ ಹಗುರವಾಗುತ್ತದೆ.

ಅರಬ್ಬಿ ವ್ಯಾಕರಣ ಕಲಿಸುತ್ತಲೇ ನನ್ನ ತಲೆ ನೆರೆಯಿತು. 'ಕೊಡು' ಎನ್ನುವ ಒಂದೇ ಮಾತಿಗೆ ನಮ್ಮಲ್ಲಿ ಮೂರು ಹೆಸರು. ದೇವರಿಗೆ ಹೇಳಿದರೆ ಪ್ರಾರ್ಥನೆ, ಸರೀಕರಿಗೆ ಹೇಳಿದರೆ ವಿನಂತಿ, ಕೈಕೆಳಗಿನವರಿಗೆ ಹೇಳಿದರೆ ಆಜ್ಞೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಉಸ್ತಾದ್, ಹೆಂಡ್ತಿ ಗಂಡನಿಗೆ ಹೇಳಿದ್ರೆ ಏನಂತಾರೆ?" ಎಂದ. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳ್ಳೋ!" ಎಂದೆ. ಆ ಮಹಾಶಯರೇ ಇವತ್ತಿನ ಅಧ್ಯಕ್ಷರು. ನಗಬೇಡಿ, ಪ್ರಶ್ನೆ ಒಳ್ಳೆಯದೇ ಆಗಿತ್ತು.

ನನ್ನ ಹೆಂಡತಿ ವಜೀಹಾಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಬೀದಿಗೆಲ್ಲ ಆಕೆ ಬೆಲ್ಲ. ರೊಟ್ಟಿ ಅಂಗಡಿಯವನಿಗೆ, "ದೇವರು ನಿನ್ನ ಕೈಗೆ ಬಲ ಕೊಡಲಿ ಅಣ್ಣ, ತೊಂದರೆಯಾಗದಿದ್ರೆ ಬಿಸಿದು ಕೊಡ್ತೀಯಾ?" ನನಗೆ, ಸಿನಾನನ ಅಪ್ಪನಿಗೆ? "ಅಬು ಸಿನಾನ್, ಏಳು! ಮೀನು ತೊಳಿ. ಮೀಸೆಗೆ ಚಹಾ ಮೆತ್ಕೊಂಡಿದೆ, ಒರೆಸ್ಕೊ!" ಈ ಬಡಪಾಯಿಗೂ ಒಂದು 'ದಯವಿಟ್ಟು' ಹಾಕಬಾರದೇ ಎಂದರೆ, "ಅದು ಹೊರಗಿನವರಿಗೆ. ನೀನೇನು ನೆಂಟನಾ?" ಎನ್ನುತ್ತಿದ್ದಳು.

ಹೋದ ಚಳಿಗಾಲ ಆಕೆಗೆ ಮರೆವು ಶುರುವಾಗಿತ್ತು. ಬೀಗ, ಒಲೆ, ಪಾತ್ರೆಗಳ ಹೆಸರು. ವಯಸ್ಸಾಯಿತಲ್ಲ ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದೆ. ಬಾಗಿಲಲ್ಲಿ ನಿಂತವಳು ನನ್ನನ್ನು ಕಂಡೊಡನೆ ತಲೆಯ ಮೇಲೆ ವಸ್ತ್ರ ಎಳೆದುಕೊಂಡು, "ತೊಂದರೆಯಾಗದಿದ್ರೆ, ಉಸ್ತಾದ್, ನನಗೂ ಒಂದು ಲೋಟ ಸಿಗುತ್ತಾ?" ಎಂದಳು. ಎಂಥ ವಾಕ್ಯ! ವ್ಯಾಕರಣದ ಮೇಷ್ಟರೂ ತಪ್ಪು ಹುಡುಕಲಾರರು. ಲೋಟ ತುಂಬಿಸಿ ಕೊಟ್ಟೆ. ವೈದ್ಯರು ಕಾಯಿಲೆಗೆ ಹೆಸರಿಟ್ಟದ್ದು ಆಮೇಲೆ. ನನಗೆ ಆ ವಿನಯದಲ್ಲೇ ಗೊತ್ತಾಗಿಹೋಯಿತು.

ಅಂದಿನಿಂದ ಮನೆಯಲ್ಲಿ ನನಗೆ ಮರ್ಯಾದೆಯೋ ಮರ್ಯಾದೆ. ಯಾರಿಗೆ ಬೇಕು ಸ್ವಾಮಿ, ಈ ಮರ್ಯಾದೆ? ಬೇಕೆಂದೇ ಮೀಸೆಗೆ ಚಹಾ ಮೆತ್ತಿಕೊಂಡು ಎದುರಿಗೆ ಕೂರುತ್ತೇನೆ. ಆಕೆ ನೋಡುತ್ತಾಳೆ, ಸಂಕೋಚಪಟ್ಟು ಮುಖ ತಿರುಗಿಸುತ್ತಾಳೆ. ಕ್ಷಮಿಸಿ, ಇದನ್ನೆಲ್ಲ ಇಲ್ಲಿ ಹೇಳಬೇಕೆಂದಿರಲಿಲ್ಲ.

ಇವತ್ತು ನೆರೆಮನೆಯಾಕೆಯನ್ನು ಅವಳ ಜೊತೆ ಕೂರಿಸಿ ಹೊರಟೆ. ಬಾಗಿಲವರೆಗೂ ಬಂದಳು.

"ಉಸ್ತಾದ್, ನಿಮಗೆ ತೊಂದರೆ ಕೊಡ್ತಿದೀನಿ. ನನ್ನ ಗಂಡ ಆ ಶಾಲೇಲೇ ಮೇಷ್ಟ್ರು. ಸಿಕ್ಕಿದ್ರೆ ಒಂದು ಮಾತು ಹೇಳ್ತೀರಾ?"

"ಏನು ಹೇಳ್ಲಿ, ತಾಯಿ?"

ಆಗ ನೋಡಿ, ಹಳೆಯ ದನಿ ಬಂತು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ಎದ್ದು ಮನೆಗೆ ಬಾ ಅನ್ನಿ!"

"ನಿಮ್ಮ ಮಾತು ನನ್ನ ಕಣ್ಣ ಮೇಲೆ" ಎಂದು ಒಪ್ಪಿಕೊಂಡೆ.

ಅಧ್ಯಕ್ಷರೇ, ನಿಮ್ಮ ಪ್ರಶ್ನೆಗೆ ಉತ್ತರ ಇವತ್ತಿಗೂ ನನ್ನ ವ್ಯಾಕರಣದಲ್ಲಿಲ್ಲ. ನೀವು ಕೊಟ್ಟ ಈ ಗೋಡೆ ಗಡಿಯಾರಕ್ಕೂ ನಿಮ್ಮ ಪ್ರೀತಿಗೂ ನಾನು ಋಣಿ. ಊಟಕ್ಕೆ ನಿಲ್ಲಲಾರೆ, ಮನ್ನಿಸಿ. ಆ ಮೇಷ್ಟರಿಗೆ ಸುದ್ದಿ ಮುಟ್ಟಿದೆ, ಅವನು ಮನೆಗೆ ಹೊರಟಿದ್ದಾನೆ. ಎಲ್ಲರಿಗೂ ನಮಸ್ಕಾರ.