ಬೀಗರ ಊರಿನ ಉಪ್ಪು

ಅದಿರಲಿ, ಮೊದಲ ಇದಕ್ಕ ಉತ್ತರಾ ಹೇಳ್ರಿ: ಹೆಸರು ಬೇಕರೀದು, ಹುಟ್ಟಿದ್ದು ಬಾಣಲ್ಯಾಗ, ಹೊಟ್ಟ್ಯಾಗ ಬಾಳಿಹಣ್ಣು, ಬಗಲಾಗ ಚಟ್ನಿ, ತಿಂದಾಂವ ಬೀಗ ಆಗತಾನ. ಏನದು? ಪಿಂಟ್ಯಾ, ಕೈ ಎತ್ತಬ್ಯಾಡ, ನಿನಗ ಗೊತ್ತಿಲ್ಲ. ರಾಜಿಗೂ ಗೊತ್ತಿಲ್ಲ. ದೊಡವಾಡದಾಗ ಯಾರಿಗೂ ಗೊತ್ತಿಲ್ಲ. ನಾಳೆ ಸಾಲಿ ಟ್ರಿಪ್ಪಿಗೆ ಮಂಗಳೂರಿಗೆ ಹೊಂಟೀರಿ, ಅಲ್ಲೇನ ತಿನ್ನೂದು ಅಂತ ನನ್ನ ಕೇಳಿದ್ದು ಚಲೋ ಆತು, ಯಾಕಂದ್ರ ಇಷ್ಟು ತಿನಿಸು ಇರೂ ಊರಾಗ ಹೋಗಿ ಉಪವಾಸ ಬಿದ್ದಾಂವ ನಮ್ಮ ಓಣ್ಯಾಗ ನಾ ಒಬ್ಬನ. ನಗಬ್ಯಾಡ್ರಿ. ನಾನು ಹಿರ್ಯಾ ಮನಷಾ, ಮೀಸಿ ಬರಾಕ ಹತ್ಯಾವು, ನಮ್ಮ ಕಾಲದ ಕಷ್ಟ ನಿಮಗೇನ ಗೊತ್ತು. ನಮ್ಮ ಕಾಲ ಅಂದ್ರ ಹ್ವಾದ ವರ್ಷ. ಕಟ್ಟಿ ಮ್ಯಾಲ ನೆಟ್ಟಗ ಕುಂದರ್ರಿ, ಹೇಳತೇನಿ.

ನಮ್ಮಕ್ಕ ಶೈಲಾ ಮಂಗಳೂರಾಗ ನರ್ಸ್ ಅದಾಳಲಾ, ಅದ ದವಾಖಾನ್ಯಾಗ ಎಕ್ಸ್‌ರೇ ತಗಿಯೂ ದಿನೇಶನ್ನ ಲಗ್ನಾ ಆಗತೇನಿ ಅಂದ್ಳು. ಅಪ್ಪ ಅಂದಾ, "ನಿಮ್ಮಜ್ಜ ಹೂಂ ಅಂದ್ರ ನಾನೂ ಹೂಂ." ಅಜ್ಜ ಅಂದಾ, "ಮನಿ ನೋಡದ ಹೂಂ ಅನ್ನಾಂವಲ್ಲ ನಾನು." ಅಜ್ಜ ಒಲ್ಲೆ ಅಂದ್ರ ಸಾಲಹಳ್ಳಿದೊಂದು ಗಂಡು ತಯಾರ ಇತ್ತು. ಅಕ್ಕ ನನಗ ಫೋನ್ ಹಚ್ಚಿ ಅಳಾಕ ಹತ್ತಿದ್ಳು: "ತಮ್ಮಾ, ಅಜ್ಜನ ಜೋಡಿ ನೀನ ಬಾರೋ. ಅವನ ಬಾಯಾಗಿಂದ ಒಂದು ಹೂಂ ಹೊರಡಿಸು. ಊರ ಮಂದಿನ್ನೆಲ್ಲಾ ಮಂಗ್ಯಾ ಮಾಡ್ತಿ, ಒಮ್ಮೆರ ಅಕ್ಕನ ಉಪಯೋಗಕ್ಕ ಬಾ." ಆತು ಅಂದ್ನಿ. ಹೂಂ ಏನ ದೊಡ್ಡದು, ನಾಕು ಚಲೋ ತಿನಿಸು ತಿನ್ನಿಸಿದ್ರ ತಾನ ಬರತೈತಿ ಅಂತ ತಿಳಕೊಂಡಿದ್ನಿ.

ಬಸ್ಸಿನ್ಯಾಗ ಕುಂತಮ್ಯಾಲ ಅಜ್ಜ ಬಾಯಿ ಬಿಟ್ಟಾ. "ಲೇ, ಮಾತು ಮುಗಿಯೂತನಕ ಬೀಗರ ಮನಿ ಉಪ್ಪು ಮುಟ್ಟಬಾರದು. ಉಪ್ಪು ಒಳಗ ಹೋತಂದ್ರ ಆಮ್ಯಾಲ ಇಲ್ಲಾ ಅನ್ನಾಕ ಬಾಯಿ ಏಳಂಗಿಲ್ಲ. ಸಿಹಿ ನಡೀತೈತಿ, ಚಾ ನಡೀತೈತಿ, ಅಷ್ಟ." ನಾ ಅಂದ್ನಿ, "ಬಿಡಜ್ಜಾ, ಹೊಟೇಲ್ದಾಗ ತಿನ್ನೂಣು." "ಹೊಟೇಲ್ ಯಾರ ಊರಾಗೈತಿ? ಅವರ ಊರಾಗ. ಉಪ್ಪು ಎಲ್ಲಿದು? ಅವರ ಸಮುದ್ರದ್ದು." "ನಮ್ಮನಿ ಉಪ್ಪೂ ಸಮುದ್ರದ್ದ ಅಲ್ಲೇನಜ್ಜಾ?" "ಅದು ನಾ ರೊಕ್ಕಾ ಕೊಟ್ಟು ತಂದದ್ದು." "ಹೊಟೇಲ್ದಾಗೂ ರೊಕ್ಕಾ ಕೊಡತೀವಲ್ಲೋ!" "ಬಾಯಿ ಮುಚ್ಚು." ನನಗ ತಲಿ ತಿರಗಾಕ ಹತ್ತಿತು, ಘಟ್ಟದ ತಿರುವಿಗೋ ಅಜ್ಜನ ಮಾತಿಗೋ ಗೊತ್ತಾಗಲಿಲ್ಲ. ಇರಲಿ, ಅವ್ವ ಕಟ್ಟಿದ ಕಡಕ ರೊಟ್ಟಿ, ಶೇಂಗಾ ಚಟ್ನಿ ಅದಾವಲಾ ಅಂತ ಧೈರ್ಯಾ ಮಾಡಿದ್ನಿ. ಆದ್ರ ಅಜ್ಜಗ ಒಬ್ಬನ ಬುತ್ತಿ ಬಿಚ್ಚಿ ತಿಂದು ಗೊತ್ತಿಲ್ಲ. "ತಗೋರಿ, ನಮ್ಮ ಕಡೆ ರೊಟ್ಟಿ" ಅಂತ ಕಂಡಕ್ಟರಗ, ಮುಂದಿನ ಸೀಟಿಗೆ, ಹಿಂದಿನ ಸೀಟಿಗೆ ಹಂಚಿದಾ. ಘಟ್ಟ ಇಳಿಯೂದ್ರಾಗ ಗಂಟಿನ್ಯಾಗ ಉಳದದ್ದು ಬರೇ ಅರಿವಿ.

ಈಗ ಕೇಳ್ರಿ, ಅಲ್ಲಿ ಏನೇನ ಸಿಗತೈತಿ. ಅಕ್ಕ ಮುಂಜಾನೆ ಹೊಟೇಲ್‌ಗೆ ಕರಕೊಂಡು ಹ್ವಾದ್ಳು. ನೀರುದೋಸಿ ಅಂತ ಬರತೈತಿ, ಒಗದ ಕರವಸ್ತ್ರದಂಗ ಬೆಳ್ಳಗ, ಮೆತ್ತಗ, ಮಡಚಿ ಕೊಡತಾರ. ಗೋಳಿಬಜೆ ಅಂತ ಐತಿ, ನಮ್ಮ ಮಿರ್ಚಿ ಭಜಿ ಅಂತ ತಿಳಕೋಬ್ಯಾಡ್ರಿ, ದುಂಡಗ ಚೆಂಡಿನಂಗ, ಮುರದ್ರ ಒಳಗ ಹತ್ತಿ ಹತ್ತಿ. ಇದೆಲ್ಲಾ ನಾ ಆಮ್ಯಾಲ ತಿಂದು ಹೇಳಾಕ ಹತ್ತೇನಿ, ಆವತ್ತು ಬರೇ ನೋಡಿದ್ನಿ. ಅಜ್ಜ ಸಪ್ಲಾಯರನ್ನ ಕೇಳಿದಾ, "ಉಪ್ಪಿಲ್ಲದ್ದು ಏನೈತಿ?" ಅಂವಾ ಅಂದಾ, "ನೀರು ಉಂಟು ಅಜ್ಜ." ಕುಡದು ಎದ್ದು ಬಂದಿವಿ. ಮಧ್ಯಾಹ್ನ ಎಳನೀರು. ಆಮ್ಯಾಲ ಐಸ್‌ಕ್ರೀಮು, ಉದ್ದನ ಗ್ಲಾಸಿನ್ಯಾಗ ಬಣ್ಣಬಣ್ಣದ್ದು ಪದರಪದರ ಹಾಕಿ ಕೊಡತಾರ, ಅದನ್ನ ಬಿಡಬ್ಯಾಡ್ರಿ. ಆದ್ರ ಖಾಲಿ ಹೊಟ್ಟಿಗೆ ಐಸ್‌ಕ್ರೀಮು ಇಳದ್ರ ಹೊಟ್ಟಿ ಬೈತೈತಿ. ಸಮುದ್ರದ ದಂಡಿಗೆ ನಿಂತಾಗ ನಾನೂ ಸೇಡು ತೀರಿಸಿಕೊಂಡ್ನಿ. "ಅಜ್ಜಾ, ತುಟಿ ನೆಕ್ಕಬ್ಯಾಡ, ಇಲ್ಲಿ ಗಾಳ್ಯಾಗೂ ಉಪ್ಪು ಐತಿ." ಅಜ್ಜ ಸಂಜಿತನಕ ಟಾವೆಲ್ ಬಾಯಿಗೆ ಹಿಡಕೊಂಡ ತಿರಗ್ಯಾಡಿದಾ. ಅಕ್ಕ ನನ್ನ ಬೆನ್ನಿಗೆ ಗುದ್ದಿದ್ಳು: "ನಿನ್ನ ಕರದದ್ದು ಅಜ್ಜನ ಹೂಂ ಹೊರಡಿಸಾಕೋ, ಅವನ ಬಾಯಿ ಕಟ್ಟಾಕೋ?"

ಸಂಜಿಗೆ ದಿನೇಶನ ಮನಿ. ಅವರವ್ವ ಮೇಜಿನ ತುಂಬ ಇಟ್ಟಿದ್ಳು. ಪತ್ರೊಡೆ ಇತ್ತು, ಕೆಸುವಿನ ಎಲಿಗೆ ಅಕ್ಕಿ ಹಿಟ್ಟು ಸವರಿ, ಸುತ್ತಿ, ಉಗ್ಯಾಗ ಬೇಯಿಸಿ ಕೊಯ್ದದ್ದು. ನನ್ನ ಬಾಯಾಗ ನೀರು ಅಲ್ಲ, ಹೊಳಿ. ಅಜ್ಜ ಕೈ ಮುಗದು "ಹೊಟ್ಟಿ ತುಂಬೈತ್ರಿ" ಅಂದಾ. ಅದ ಟೈಮಿಗೆ ಅವನ ಹೊಟ್ಟಿ ಗುರ್ರ್ ಅಂತು. ಎಲ್ಲಾರೂ ಕೇಳಿದ್ರು, ಯಾರೂ ಕೇಳಲಾರದಂಗ ಕುಂತ್ರು. ದಿನೇಶನ ಅವ್ವನ ಮಾರಿ ಸಣ್ಣದಾತು. "ಎಂತ ಅಜ್ಜ, ನಮ್ಮ ಮನೆದು ಆಗುದಿಲ್ವಾ ನಿಮಗೆ?" ಅಕ್ಕ ಸೆರಗು ತಿರುವಾಕ ಹತ್ತಿದ್ಳು. ಕೆಲಸ ಕೆಡ್ತು ಅಂತ ನಾ ತಿಳಕೊಂಡ್ನಿ. ಅಷ್ಟ್ರಾಗ ಒಳಗಿಂದ ಇನ್ನೊಂದು ತಾಟು ಬಂತು. ಪೂರಿ ಹಂಗ ಉಬ್ಬೈತಿ, ಪೂರಿ ಅಲ್ಲ. ಬಣ್ಣ ಕೆಂಪಗ, ಬಾಳಿಹಣ್ಣಿನ ಘಮಾ. "ಬನ್ಸ್" ಅಂದ್ರು. ಬನ್ಸ್ ಅಂದ್ರ ಬೇಕರ್ಯಾಗ ಸಿಗೂ ಬ್ರೆಡ್ಡಲ್ಲೇನು? ಮತ್ತ ಬಗಲಿಗೆ ಕೊಬ್ಬರಿ ಚಟ್ನಿ ಯಾಕ? ಅಜ್ಜ ಮೂಸಿ ನೋಡಿ ಕೇಳಿದಾ, "ಇದು ಸಿಹಿ ಹೌದಲ್ರಿ?" "ಹೌದು, ಹಣ್ಣು, ಸಕ್ಕರೆ ಹಾಕಿದ್ದು." ಚಟ್ನಿ ದೂರ ಸರಿಸಿ ಅಜ್ಜ ಒಂದು ತಿಂದಾ. ಇನ್ನೊಂದು ತಿಂದಾ. ಮತ್ತೊಂದಕ್ಕ ಕೈ ಹಾಕಿದಾ. ನಾ ಲೆಕ್ಕಾ ಬಿಟ್ಟು ತಿನ್ನಾಕ ಹತ್ತಿದ್ನಿ.

ಆ ಅವ್ವಗ ಜೀವ ಬಂದಂಗಾತು. ಅಕ್ಕನ ಕಡೆ ಹೊಳ್ಳಿ ಹೇಳಾಕ ಸುರು ಮಾಡಿದ್ಳು: "ಏನಿಲ್ಲ ಶೈಲಾ, ಹಣ್ಣು ಕಿವುಚಿ, ಮೈದಾ, ಮೊಸರು, ಸಕ್ಕರೆ, ಜೀರಿಗೆ, ಚೂರು ಸೋಡಾ, ಉಪ್ಪು ಹಾಕಿ ಕಲಸಿ ಇಡುದು..."

ಉಪ್ಪು! ಅಜ್ಜನ ಕೈ ಬಾಯಿ ಹತ್ರ ನಿಂತು ಬಿಡ್ತು. ಅಕ್ಕ ನನ್ನ ನೋಡಿದ್ಳು, ನಾ ಫ್ಯಾನ್ ನೋಡಿದ್ನಿ.

"ಸಿಹಿಗೆ ಉಪ್ಪು ಯಾಕ್ರಿ?" ಅಂದಾ ಅಜ್ಜ.

"ಉಪ್ಪು ಹಾಕದೆ ಸಿಹಿ ಗೊತ್ತಾಗುದು ಹೇಗೆ ಅಜ್ಜ?"

ಅಜ್ಜ ಕೈಯಾಗಿನ ಬನ್ಸ್ ತಿರುವಿ ತಿರುವಿ ನೋಡಿದಾ. ಆಮ್ಯಾಲ ದೂರ ಸರಿಸಿದ್ದ ಚಟ್ನಿ ಹತ್ರ ಎಳಕೊಂಡು ಅದ್ದಿ ಬಾಯಿಗೆ ಹಾಕೊಂಡಾ. "ಹೋಗೂದು ಹೋತು. ಆ ಎಲಿ ಸುತ್ತಿದ್ದೂ ಈ ಕಡೆ ಸರಸ್ರಿ, ಬೀಗತಿ." ಬೀಗತಿ ಅಂದುಬಿಟ್ಟಾ! ಅಕ್ಕ ಒಳಗ ಓಡಿಹೋಗಿ ಅತ್ತಳು, ನಾ ಪತ್ರೊಡೆ ಮ್ಯಾಲ ಬಿದ್ನಿ.

ಆದ್ರ ನನಗ ಇವತ್ತಿಗೂ ಬಗಿಹರಿಯದ್ದು ಒಂದೈತಿ. ಮನ್ಯಾಗ ಸಾರಿಗೆ ಒಂದು ಹಳ್ಳು ಉಪ್ಪು ಕಡಿಮಿ ಬಿದ್ರ ಮೊದಲನೇ ತುತ್ತಿಗೆ "ಯಾರು ಮಾಡ್ಯಾರಿದನ್ನ" ಅಂತ ಒದರೂ ಅಜ್ಜಗ, ಅಷ್ಟು ಬನ್ಸ್ ತಿನ್ನೂತನಕ ಉಪ್ಪು ಗೊತ್ತಾಗಲಿಲ್ಲಂದ್ರ ಹೆಂಗ? ಹೊಳ್ಳಿ ಬರೂ ಬಸ್ಸಿನ್ಯಾಗ ಕೇಳೇಬಿಟ್ನಿ. ಅಜ್ಜ ಕಿಡಕಿ ಕಡೆ ಮಾರಿ ಮಾಡಿ, ನನ್ನ ಕಡೆ ಹೊಳ್ಳಿ, ಒಂದು ಕಣ್ಣು ಹೊಡದಾ.

ಇಲ್ಲ, ಕಣ್ಣು ಹೊಡದದ್ದು ನಾ ಕಟ್ಟಿದ್ದು. ಅಜ್ಜ ಕುಂತಲ್ಲೆ ಗೊರಕಿ ಹೊಡ್ಯಾಕ ಹತ್ತಿದ್ದಾ. ಅಕ್ಕನ ಲಗ್ನಾ ಆಗಿದ್ದಷ್ಟು ಖರೆ, ನೀವೂ ಉಂಡು ಬಂದೀರಿ. ಅದಕ್ಕ ಹೇಳತೇನಿ: ಆ ಊರಾಗ ಯಾರರ ಬನ್ಸ್ ಕೊಟ್ರ ಅದರಾಗೇನೈತಿ ಅಂತ ಕೇಳಬ್ಯಾಡ್ರಿ, ತಿನ್ರಿ. ನಾಕು ನನಗೂ ಕಟಗೊಂಡು ಬರ್ರಿ.