ನೋಡದೆ ಹಾಕಿದ ಸಹಿ

ನರ್ಸಿಂಗ್ ಮೇಲ್ವಿಚಾರಕಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಅಪ್ಪನ ಎಕ್ಸ್‌ರೇ ಹಿಡಿದು ಕೂತಿದ್ದ ಗುಮಾಸ್ತ, ಪಕ್ಕದವರ ಮಾತಿಗೆ ಕಿವಿಗೊಡಬಾರದು ಅಂತಲೇ ಅಂದುಕೊಂಡಿದ್ದ. ಆದರೆ ಇಬ್ಬರು ನರ್ಸ್‌ಗಳು ಅವನಿಗೆ ಒತ್ತಿಕೊಂಡೇ ಕೂತಿದ್ದರು. ಕಿರಿಯವಳು ತಾನು ಬರೆದ ವರದಿಯನ್ನು ಹಿರಿಯವಳ ಮುಂದೆ ಹಿಡಿದಳು.

“ವಾರ್ಡಿನ ಅಜ್ಜನಿಗೆ ನಾಲ್ಕು ಯೂನಿಟ್ ಬದಲು ಹದಿನಾಲ್ಕು ಇನ್ಸುಲಿನ್ ಕೊಟ್ಟೆ ಅಂತ ಬರೆದಿದ್ದೀನಿ ಅಕ್ಕಾ.”

“ಅಜ್ಜ ಹೇಗಿದ್ದಾರೆ?”

“ಎದ್ದು ಕೂತು ನನಗೇ ಸಮಾಧಾನ ಹೇಳ್ತಿದ್ದಾರೆ.”

“ಸದ್ಯ! ಇದರಲ್ಲಿ ನನ್ನ ಹೆಸರೆಲ್ಲಿ?”

“ನಿಮ್ಮದ್ಯಾಕೆ? ಸಿರಿಂಜಿಗೆ ತುಂಬಿದ್ದು ನಾನು.”

“ಇನ್ನೊಬ್ಬರು ನೋಡಿ ಸಹಿ ಹಾಕ್ಬೇಕು ಅಂತ ನಿಯಮ ಇದೆಯಲ್ಲ? ನಾನು ಸಿರಿಂಜ್ ನೋಡದೇ ಗೀಚಿದೆ.”

“ನನ್ನ ಮೇಲಿನ ನಂಬಿಕೆಯಿಂದ ಹಾಕಿದ್ರಿ.”

“ವಿಚಾರಣೆಯಲ್ಲಿ ನಂಬಿದ್ದೆ ಅಂದ್ರೆ ಯಾರು ಕೇಳ್ತಾರೆ?”

“ಇಷ್ಟು ವರ್ಷದಲ್ಲಿ ನಿಮ್ಮ ಮೇಲೆ ಒಂದು ದೂರಿಲ್ಲ. ಮುಂದಿನ ತಿಂಗಳು ನಿವೃತ್ತಿ ಬೇರೆ.”

“ಅದಕ್ಕೇ ಹೇಳ್ತಿರೋದು. ನಾನು ಮನೆಗೆ ಹೋಗೋಳು, ನೀನು ದುಡಿಯೋಳು. ಒಬ್ಬಳೇ ಹೊತ್ಕೊಂಡ್ರೆ ಲೈಸೆನ್ಸ್ ಹೋಗತ್ತೆ. ಕೊಡು ಪೆನ್ನು.”

“ಅಕ್ಕಾ...”

“ಅತ್ತು ಹಾಳೆ ಒದ್ದೆ ಮಾಡ್ಬೇಡ ಕಣೇ. ಮೊದಲೇ ನನ್ನ ಬರಹ ಕಾಗೆಕಾಲು ಗುಬ್ಬಿಕಾಲು.”

ಹಿರಿಯವಳು ವರದಿಯ ಕೆಳಗೆ ಎರಡು ಸಾಲು ಬರೆದು ಹೆಸರು ಹಾಕಿದಳು. ಒಳಗಿಂದ ಕಿರಿಯವಳನ್ನು ಮಾತ್ರ ಕರೆದರು. ಹಿರಿಯವಳು ಸೆರಗಿನಿಂದ ಅವಳ ಮುಖ ಒರೆಸಿ, ಅವಳಿಗಿಂತ ಮುಂಚೆ ತಾನೇ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.