ಇಡೀ ಬೆಂಡೆಕಾಯಿ

ಅಗೋ, ಬಂತು! ನಿನ್ನ ತಟ್ಟೆಗೇ ಬಂತಲ್ಲಕ್ಕಾ! ಇಡೀ ಬೆಂಡೆಕಾಯಿ, ತೊಟ್ಟಿನ ಸಮೇತ! ಅನ್ನದ ಅಡಿ ಹೇಗೆ ಅವಿತು ಕೂತಿದೆ ನೋಡು, ಕಳ್ಳ… ಏ, ಮುಚ್ಚಬೇಡ! ಅನ್ನ ಎಳೆದು ಮೇಲೆ ಮುಚ್ಚಿಬಿಟ್ರೆ ಆಗೋಯ್ತಾ? ನಾನು ಕಣ್ಣಾರೆ ನೋಡಿದೀನಿ.

ಯಾಕೆ ನಗ್ತೀಯ? ನಗು, ನಗು. ಆದ್ರೆ ಕಟ್ಟಳೆ ಅಂದ್ರೆ ಕಟ್ಟಳೆ. ಇದೇನು ನಾನು ಮಾಡಿದ್ದಾ? ಅಜ್ಜಿ ಕಾಲದಿಂದ ಈ ಮನೇಲಿ ನಡ್ಕೊಂಡು ಬಂದಿದ್ದು. ನನಗೆ ಕಲಿಸಿದವಳೇ ನೀನು, ಈಗ ನಿನಗೇ ನಾನು ಪಾಠ ಹೇಳಬೇಕು! ಅವಳಿ ಸಂತರ ಹಬ್ಬಕ್ಕೆ ಕರುರು ಮಾಡೋವಾಗ ಬೆಂಡೆಕಾಯೆಲ್ಲ ಸಣ್ಣಗೆ ಕೊಚ್ಚಿ, ಒಂದನ್ನ ಮಾತ್ರ ಕೊಚ್ಚದೆ ಹಾಗೇ ಪಾತ್ರೆಗೆ ಬಿಡೋದು. ಅದು ಯಾರ ತಟ್ಟೆಗೆ ಬೀಳುತ್ತೋ, ಬರೋ ವರ್ಷ ಕರುರು ಮಾಡಿ ಉಣಿಸೋ ಹೊಣೆ ಅವರದ್ದು. ತಪ್ಪಿಸೋ ಹಾಗಿಲ್ಲ! ಸಂತರು ಅಂದ್ರೂ ಕೋಸ್ಮೆ, ದಾಮಿಯಾನ್ ಇಬ್ಬರೂ ಮಕ್ಕಳೇ ಅಲ್ವಾ. ಊಟ ಹಾಕ್ತೀನಿ ಅಂದು ಹಾಕದೇ ಹೋದ್ರೆ ಮಕ್ಕಳು ಸುಮ್ನೆ ಬಿಡ್ತಾವಾ?

ಹೂಂ, ಹಾಗಾದ್ರೆ ಬರೋ ವರ್ಷ… ನೀನು ಈ ಕುರ್ಚೀಲಿ ಕೂತೇ ಯಜಮಾನಿಕೆ ಮಾಡು. ಕೈಕೆಲಸವೆಲ್ಲ ನಂದು. ಒಣ ಸಿಗಡಿ ಸೇತುವೆ ಆಚೆ ಸಾವ್ ಫೆಲಿಸ್‌ನಿಂದ ತರ್ತೀನಿ. ತಾಳೆಎಣ್ಣೆ ಮಾತ್ರ ನೀನೇ ಮೂಸಿ ನೋಡಿ ಹೇಳು, ನನ್ನ ಮೂಗನ್ನ ನೀನು ಯಾವತ್ತು ನಂಬಿದೀಯ? ಈ ಸಲ ಉಪ್ಪು ಜಾಸ್ತಿ ಆಗಿದೆ ಅಂದ ಮಿರು. ಡೋಲು ಬಾರಿಸೋನಿಗೆ ಉಪ್ಪಿನ ಚಿಂತೆ ಯಾಕೆ! ಅದೂ ಎರಡನೇ ಸಲ ಹಾಕಿಸ್ಕೊಂಡು, ತಟ್ಟೆ ಬಳಿದು ತಿಂದು, ಆಮೇಲೆ ಹೇಳ್ತಾನೆ ಮಹರಾಯ.

ತಿನ್ನು ಅಕ್ಕಾ. ಒಂದು ತುತ್ತು… ಅರ್ಧ ತುತ್ತು? ಅಲಸಂದೆ ಕಾಳಾದ್ರೂ ತಿನ್ನು, ಮೆತ್ತಗೆ ಬೆಂದಿದೆ. ಸರಿ, ಬಿಡು. ಬಲವಂತ ಏನಿಲ್ಲ. ಲಿವರ್ ಊದಿದ್ರೆ ಹಸಿವು ಆಗಲ್ಲ, ಅಷ್ಟೇ. ಬೇಸಿಗೆ ಬಂದ್ರೆ ಸರಿಹೋಗುತ್ತೆ ಅಂತ ಡಾಕ್ಟರೇ ಹೇಳಿದ್ರಲ್ಲ. ನನ್ನನ್ನ ಹೊರಗೆ ಕರೆದು ಹೇಳಿದ್ದೂ ಅದೇ. ಹೌದು ಕಣಕ್ಕಾ, ಅದೇ! ಹಾಗೆ ನೋಡಬೇಡ ನನ್ನ.

ಅಂಗಳದಲ್ಲಿ ಕೇಳಿಸ್ತಿದ್ಯಾ? ಸಂತರ ಹೆಸರಲ್ಲಿ ಮೊದಲು ಕೂರಿಸಿದ ಏಳು ಹುಡುಗರೂ ಉಂಡೆದ್ರು. ಚಾಪೆ ಮೇಲೆ ಬೋಗುಣಿ ಇಟ್ಟಿದ್ದೇ ತಡ, ಏಳು ಕೈ ಒಟ್ಟಿಗೆ ಬಿತ್ತು, ಮೊಣಕೈವರೆಗೂ ಕೆಂಪೆಣ್ಣೆ! ಅವರು ಏಳೋವರೆಗೆ ದೊಡ್ಡವರೆಲ್ಲ ಬಾಯಲ್ಲಿ ನೀರೂರಿಸ್ಕೊಂಡು ನಿಂತಿದ್ರು. ಈಗ ನೋಡು, ಚಪ್ಪಾಳೆ ಶುರುವಾಯ್ತು, ಸಾಂಬಾ ಏರ್ತಾ ಇದೆ. ಆದ್ರೆ ಆ ತಟ್ಟೆ ಸದ್ದು ಕೇಳು, ದೇವರೇ! ತಾಳಕ್ಕೆ ತಟ್ಟೆ-ಚಾಕು ಬಾರಿಸೋ ನಿನ್ನ ಜಾಗದಲ್ಲಿ ಪಕ್ಕದ ಮನೆ ಇರಾಸಿಯನ್ನ ಕೂರಿಸಿದಾರೆ. ತಟ್ಟೆ ಮೇಲೆ ಚಾಕು ಎಳೀತಾಳೋ, ಮೀನಿನ ಹುರುಪೆ ಕೆರೀತಾಳೋ ಗೊತ್ತಾಗಲ್ಲ. ದೆವೊಲಿಂಡಾ ತಟ್ಟೆ ಹಿಡಿದು ಕೂತ್ರೆ ಮುದುಕರ ಮೊಣಕಾಲೂ ತಾನಾಗಿ ಏಳುತ್ತೆ ಅಂತ ನಿನ್ನ ಹೊಗಳ್ತಿದ್ರು ಜನ. ನೆನಪಿದ್ಯಾ, ನಾನು ನಾಚ್ಕೊಂಡು ಬಾಗಿಲ ಹಿಂದೆ ನಿಂತಿದ್ದೆ, ನೀನು ಕುಣೀತಾ ಕುಣೀತಾ ಅಲ್ಲಿಗೇ ಬಂದು ಹೊಟ್ಟೆಗೆ ಹೊಟ್ಟೆ ತಾಗಿಸಿಬಿಟ್ಟೆ! ಹಾಗೆ ತಾಗಿಸಿದ್ರೆ ಕುಣಿಯೋಕೆ ಕರೆದ ಹಾಗೆ, ಇನ್ನು ಕುಣೀದೇ ವಿಧಿ ಇಲ್ಲ. ಬಿಳಿ ಲಂಗ ಕಾಲಿಗೆ ಸಿಕ್ಕಿ ಮಿರು ಡೋಲಿನ ಮೇಲೇ ಬಿದ್ದೆ… ಹಾಂ, ನಕ್ಕೆ ನೋಡು!

ಏನು? ಚಾಕು? ಚಾಕು ಬೇಕಾ ನಿನಗೆ? ಅಯ್ಯೋ ನನ್ನವ್ವಾ, ತಟ್ಟೆ ಬಾರಿಸ್ತೀಯಾ? ತಗೋ, ತಗೋ! ಮಿರೂ! ಏ ಮಿರು, ನಿಲ್ಲಿಸಬೇಡ, ಅಕ್ಕ ಚಾಕು ಹಿಡಿದ್ಲು! ತಾಳು, ತೊಳೆದ ತಟ್ಟೆ ಕೊಡ್ತೀನಿ, ಇದರಲ್ಲಿ ಅನ್ನ…

ಅಲ್ಲ… ಅದನ್ನ ಯಾಕೆ ಕೊಯ್ತೀಯ? ಅದನ್ನ ಕೊಯ್ಯಬಾರದು ಅಕ್ಕಾ. ಇಡೀದಾಗೇ ಇರಬೇಕು. ಕೊಡಿಲ್ಲಿ… ಕೊಡು ಅಂದ್ರೆ…

…ಹೌದು. ಬೆಂದಿಲ್ಲ. ಎರಡು ಹೋಳಾಗೋವಾಗ ಕಟಕ್ ಅಂತು, ನನಗೂ ಕೇಳಿಸ್ತು. ಪಾತ್ರೆ ದೊಡ್ಡದಲ್ವಾ, ಇದೊಂದು ಮೇಲೇ ತೇಲ್ತಾ ಇತ್ತೇನೋ. ಎಲ್ಲ ಕಡೆ ಒಂದೇ ಸಮ ಬಿಸಿ ತಾಗಲ್ಲ… ಬೀಜ ಬೆಳ್ಳಗೇ ಇದೆ ಅಲ್ವಾ. ಲೋಳೆನೂ ಬಿಟ್ಟಿಲ್ಲ. ಬೆಳಗ್ಗೆಯಿಂದ ಕುದ್ದಿದ್ದರಲ್ಲಿ ಇದೊಂದು ಹಸೀದಾಗಿ ಉಳೀತು ಅಂದ್ರೆ… ಬೈಯಿ ಅಕ್ಕಾ. ಆ ಚಾಕು ಕೆಳಗಿಡು.

ಪಾತ್ರೆಗೆ ಹಾಕಲೇ ಇಲ್ಲ. ಒಂದೂ ಹಾಕಲಿಲ್ಲ ನಾನು. ಹಾಕಿದ್ರೆ ಯಾರ ತಟ್ಟೆಗೆ ಹೋಗ್ತಿತ್ತೋ! ಮಿರುಗೆ ಹೋಗ್ತಿತ್ತು, ಇರಾಸಿಗೆ ಹೋಗ್ತಿತ್ತು… ಅವರಿಗೆ ಯಾಕೆ ಬೇಕು ಅದು? ಅವರು ಬರೋ ವರ್ಷ ಹೇಗೂ ಇರ್ತಾರೆ!

ಅಯ್ಯೋ… ಏನಂದುಬಿಟ್ಟೆ ನಾನು. ಹಾಗಲ್ಲಕ್ಕಾ. ಹಾಗಲ್ಲ…

ಏಪ್ರನ್ ಜೇಬಲ್ಲಿ ಒಂದು ಎಳೇದು ಇಟ್ಕೊಂಡಿದ್ದೆ. ನಿನಗೆ ಬಡಿಸೋವಾಗ ಎಣ್ಣೇಲಿ ಹೊರಳಿಸಿ ಅನ್ನದ ಅಡಿ ತುರುಕಿದೆ. ಬರೋ ವರ್ಷದ ಕರುರು ಸಿಗೋವರೆಗೂ ಆ ಅವಳಿ ಸಂತರು ನಿನ್ನ ಬಿಡಲ್ಲ ಅಂದ್ಕೊಂಡೆ. ಒಬ್ಬ ಆ ಕೈ, ಒಬ್ಬ ಈ ಕೈ ಹಿಡಿದು ಹಠ ಮಾಡಿ ಕೂರಿಸ್ಕೋತಾರೆ ಅಂದ್ಕೊಂಡೆ. ಇನ್ನೇನು ಮಾಡ್ಲಿ ನಾನು? ಡಾಕ್ಟರ ಹತ್ರ ಔಷಧಿ ಇಲ್ವಂತೆ. ನನ್ನ ಹತ್ರ ಇದ್ದಿದ್ದು ಇದೊಂದೇ.

ಕೇಳು ಅಕ್ಕಾ. ಹೊರಗೆ ಕರೆದು ಏನಂದ್ರು ಅಂತ ಕೇಳು. ನೀನು ಕೇಳದೆ ನನ್ನ ಬಾಯಲ್ಲಿ ಬರ್ತಾ ಇಲ್ಲ… ಕೇಳಲ್ವಾ? ಯಾಕೆ ಕೇಳಲ್ಲ?

ಗೊತ್ತಿತ್ತಾ? …ಗೊತ್ತಿದ್ದೂ ನಗ್ತಾ ಕೂತಿದ್ಯಾ ಇಷ್ಟು ಹೊತ್ತೂ?

ಏನಿದು? ಅರ್ಧ ನನ್ನ ಕೈಗಾ? ಓ… ಇಬ್ಬರೂ ಸೇರಿ ಮಾಡೋಣ ಅಂತಾನಾ? ಸರಿ! ಸರಿ ಕಣಕ್ಕಾ, ಅರ್ಧ ನಂದು, ಅರ್ಧ ನಿಂದು. ಹಸೀದಾದ್ರೇನು, ಸಂತರು ಒಪ್ಕೋತಾರೆ, ಮಕ್ಕಳಿಗೇನು ಗೊತ್ತಾಗುತ್ತೆ! ನೀನು ಎಣ್ಣೆ ನೋಡು, ನಾನು ಸಿಗಡಿ…

ಆ ಅರ್ಧಾನೂ ಯಾಕೆ ಕೊಡ್ತೀಯ? ಅದು ನಿಂದು. ಬೇಡ, ಆ ಅರ್ಧ ನನಗೆ ಬೇಡ… ಬೆರಳು ಮಡಚಬೇಡ ಅಕ್ಕಾ, ಮುಷ್ಟಿ ಕಟ್ಟಿಸಬೇಡ ನಂಗೆ… ಒಂದು ಚೂರಾದ್ರೂ ನಿನ್ನ ಹತ್ರ ಇಟ್ಕೋ. ಇಟ್ಕೋ ಅಕ್ಕಾ… ಇಟ್ಕೊಳ್ಳೇ.